ದನಿ ಸೋವಿ ಆತು, ಪೆಟಿಗಿ ತುಟ್ಟಿ ಆತು

ನಮ್ಮ ಮನಿಯವರು ಸಾಲಿ ಮಾಸ್ತರಿಕಿಯಿಂದ ರಿಟೈರ್ ಆಗಿ ಈಗ ಒಂದು ವರ್ಷದ ಮ್ಯಾಲಾತು. ಬಂದ ರೊಕ್ಕದಾಗ ಏನೇನು ಮಾಡೋದು ಅಂತ ಇಬ್ಬರೂ ಕೂತು ಒಂದು ಹಾಳಿ ಮ್ಯಾಲೆ ಬರದು ದೇವರ ಮನಿ ಕಪಾಟಿನೊಳಗ ಇಟ್ಟಿದ್ವಿ. ಮಳಿಗಾಲದಾಗ ಸೋರೋ ಸ್ಲ್ಯಾಬಿನ ರಿಪೇರಿ. ನನ್ನ ಮೊಣಕಾಲಿನ ಖರ್ಚಿಗೆ ಒಂದಿಷ್ಟು. ಉಳದದ್ದು ಬ್ಯಾಂಕಿನ್ಯಾಗ ಎಫ್‌ಡಿ. ಆ ಹಾಳಿ ಮ್ಯಾಲೆ ಸ್ಪೀಕರ್ ಅನ್ನೋ ಶಬ್ದ ಇರಲಿಲ್ಲ.

ಹೋದ ಶ್ರಾವಣದಾಗ ಇವರು ಮಗನ ಕಡೆ ಬೆಂಗಳೂರಿಗೆ ಹೋಗಿದ್ರು. ಮಗಾ ಇವರ ಗಾನದ ಹುಚ್ಚು ಗೊತ್ತಿದ್ದಂವ, ಒಂದು ದೊಡ್ಡ ಸ್ಪೀಕರ್ ಅಂಗಡಿಗೆ ಕರಕೊಂಡು ಹೋಗ್ಯಾನ. ಗಾದಿ ಹಾಕಿದ ಕುರ್ಚಿ, ಸಣ್ಣ ಬೆಳಕು, ಎ.ಸಿ. ಅಲ್ಲೆ ಮಲ್ಲಿಕಾರ್ಜುನ ಮನ್ಸೂರರ ಹಾಡು ಹಚ್ಚಿದ್ರಂತ. "ಬುವಾ ನನ್ನ ಮುಂದ ಕೂತು ಉಸಿರು ತಗೊಂಡಂಗಾತು" ಅಂತ ಇವರು ಹೇಳೋವಾಗ ಕಣ್ಣಾಗ ನೀರು ಇತ್ತು. ರೇಟ್ ಕೇಳಿದ್ರ ಜೋಡಿಗೆ 9 ಲಕ್ಷ. ಅದೂ ಅಂಗಡಿಯಂವ ಏನಂದ ಗೊತ್ತದೇನು? "ಇವು ನಮ್ಮ ನಡುವಿನ ದರ್ಜೆ ಸರ್, ಮ್ಯಾಲೆ ಇನ್ನೂ ಭಾಳ ಅವ." ಆಮ್ಯಾಲೆ ಅದs ಕಂಪನಿದು ಸಣ್ಣದೊಂದು ತೋರಿಸ್ಯಾನ, ಮೂರೂವರಿ ಲಕ್ಷದ್ದು. ಇವರು ಮನಿಗೆ ಬಂದು ಕೈಕಾಲು ತೊಳಕೊಂಡು, ಚಹಾ ಕುಡದು, ಮೆಲ್ಲಕ ಆ ಹಾಳಿ ತಗದು ನೋಡ್ಲಿಕ್ಕೆ ಹತ್ತಿದ್ರು.

ಬ್ಯಾರೆ ಯಾವುದರ ವಿಷಯ ಆಗಿದ್ರ ನಾ ಆ ಕ್ಷಣಕ್ಕs ಬ್ಯಾಡ ಅಂತಿದ್ದೆ. ಆದ್ರ ಇದಕ್ಕ ಬಾಯಿ ಬರಲಿಲ್ಲ. ಯಾಕಂದ್ರ 1998ರಾಗ ಮಗಳು ಆಸ್ಪತ್ರಿ ಸೇರಿದಾಗ ಇವರು ತಮ್ಮ ಕ್ಯಾಸೆಟ್ ಡೆಕ್ಕು, ಆಂಪ್ಲಿಫಾಯರು, ಎರಡು ಸ್ಪೀಕರು ಎಲ್ಲಾ ಮಾರಿ ಬಿಲ್ಲು ಕಟ್ಟಿದ್ರು. ಆ ಸ್ಪೀಕರ್ ಕಂಪನಿದಲ್ಲ. ಒಂದು ಇಲೆಕ್ಟ್ರಾನಿಕ್ಸ್ ಪತ್ರಿಕಿಯೊಳಗಿನ ನಕಾಶಿ ನೋಡಿ, ಬೆಂಗಳೂರು ಎಸ್.ಪಿ. ರೋಡಿನಿಂದ ಒಳಗಿನ ಸಾಮಾನು ತರಿಸಿ, ನಮ್ಮ ಓಣಿ ಬಡಿಗ್ಯಾರ ಕೈಲೆ ಪೆಟಿಗಿ ಮಾಡಿಸಿದ್ರು. ಅವು ಹೋದ ಮ್ಯಾಲೆ ಇಪ್ಪತ್ತೈದು ವರ್ಷದ ಮ್ಯಾಲಾತು, ಒಂದು ದಿನ ಸುದ್ದಿ ತಗದಿಲ್ಲ. ಅಂಥವರಿಗೆ ಬ್ಯಾಡ ಅನ್ನೋದು ಹೆಂಗ? ಹಂಗಂತ ಮೂರೂವರಿ ಲಕ್ಷಕ್ಕ ಹೂಂ ಅನ್ನೋದಾದ್ರೂ ಹೆಂಗ?

ಅದಕ್ಕ ನಾ ಒಂದs ಮಾತು ಕೇಳಿದೆ. "ರೀ, ಬಡಿಗ್ಯಾರ ಪೆಟಿಗಿ, ಒಳಗ ಹಾಳಿ ಕೋನು, ಹಿಂದ ಒಂದು ಅಯಸ್ಕಾಂತ. ಇದು ಇಷ್ಟು ತುಟ್ಟಿ ಯಾಕಾತು? ಯಾವಾಗಿಂದ ಆತು?" ಇವರಿಗೂ ಗೊತ್ತಿರಲಿಲ್ಲ. ಎರಡು ತಿಂಗಳು ಮಗನ ಕೈಲೆ ಇಂಗ್ಲಿಷು ಬಿಡಿಸಿಕೋತ ಇಬ್ಬರೂ ಓದಿದ್ವಿ. ಪ್ರತಿ ಸಲ ಮೆಂತೆಹಿಟ್ಟು, ಕೌದಿ, ಗುಳ್ಳವ್ವನ ಬಗ್ಗೆ ಬರಿಯೋ ನಾನು ಈ ಸಲ ಸ್ಪೀಕರ್ ಚರಿತ್ರೆ ಬರೀಲಿಕ್ಕೆ ಹತ್ತೇನಿ. ನಗಬ್ಯಾಡ್ರಿ, ಇದೂ ಮನಿ ವಿಷಯನs.

ಮೊದಲು ಅದು ಕೆಲಸ ಮಾಡೋ ರೀತಿ ಹೇಳತೇನಿ. ಅಯಸ್ಕಾಂತದ ನಡುವ ತಾಮ್ರದ ತಂತಿಯ ಸುರಳಿ ಇರತದ. ಸುರಳಿಗೆ ಒಂದು ಹಾಳಿಯ ಕೋನು ಅಂಟಿಸಿರತಾರ. ಹಾಡಿನ ಏರಿಳಿತದಂಗ ಕರೆಂಟು ಬಂದಂಗ ಸುರಳಿ ಹಿಂದ ಮುಂದ ಹೋಗತದ, ಹಾಳಿ ಗಾಳಿ ತಳ್ಳತದ, ಆ ಗಾಳಿ ನಮ್ಮ ಕಿವಿಗೆ ಬಂದು ದನಿ ಆಗತದ. ಇಷ್ಟs. ನೂರು ವರ್ಷದ ಹಿಂದಿನ ಸ್ಪೀಕರಿನ್ಯಾಗೂ ಇದs, ಇವತ್ತಿನ ಕೋಟಿ ರೂಪಾಯಿ ಸ್ಪೀಕರಿನ್ಯಾಗೂ ಹೆಚ್ಚಾಗಿ ಇದs.

1915ರಾಗ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್ಹ್ಯಾಮ್ ಅನ್ನೋ ಇಬ್ಬರು ಸುರಳಿಗೆ ಒಂದು ಭೋಂಗಾ ಕೂಡಿಸಿ ಸ್ಯಾನ್ ಫ್ರಾನ್ಸಿಸ್ಕೋದಾಗ ಕ್ರಿಸ್‌ಮಸ್ ಹಿಂದಿನ ದಿನ ಸಾವಿರಾರು ಮಂದಿಗೆ ಹಾಡು ಕೇಳಿಸಿದ್ರು. ಅದಕ್ಕ ಮ್ಯಾಗ್ನಾವೋಕ್ಸ್ ಅಂತ ಹೆಸರಿಟ್ರು. ನಮ್ಮ ಜಾತ್ರಿಯೊಳಗ ಗಿಡಕ್ಕ ಕಟ್ಟತಾರಲ್ಲ ಭೋಂಗಾ, ಅದರ ಮುತ್ತಜ್ಜ ಅಂತ ತಿಳಕೋರಿ. ದನಿ ದೂರ ಹೋಗತಿತ್ತು, ಆದ್ರ ಡಬ್ಬಿಯೊಳಗಿಂದ ಬಂದಂಗ ಇರತಿತ್ತು.

ಮನಿಯೊಳಗ ಇಟ್ಟು ಕೇಳೋವಂಥ ಸ್ಪೀಕರ್ ಬಂದದ್ದು ಅದರ ಹತ್ತು ವರ್ಷದ ಮ್ಯಾಲೆ. 1925ರಾಗ ಜನರಲ್ ಇಲೆಕ್ಟ್ರಿಕ್ ಕಂಪನಿಯೊಳಗಿನ ಚೆಸ್ಟರ್ ರೈಸ್, ಎಡ್ವರ್ಡ್ ಕೆಲ್ಲಾಗ್ ಇಬ್ಬರೂ ಭೋಂಗಾ ತಗದು ಹಾಕಿ, ಬರೇ ಹಾಳಿ ಕೋನಿನ ಮ್ಯಾಲೆ ದನಿ ಬರೂಹಂಗ ಮಾಡಿ ಅದರ ಲೆಕ್ಕ ಬರದು ಛಾಪಿಸಿದ್ರು. ಮುಂದಿನ ವರ್ಷ ಆರ್‌ಸಿಎ ಕಂಪನಿ ಅದನ್ನ ರೇಡಿಯೋಲಾ 104 ಅನ್ನೋ ಹೆಸರಿಲೆ ಮಾರಲಿಕ್ಕೆ ತಂತು. ಒಳಗs ಒಂದು ವ್ಯಾಟಿನ ಆಂಪ್ಲಿಫಾಯರ್. ರೇಟ್ 250 ಡಾಲರ್.

250 ಅಂದ್ರ ಈಗಿನವರಿಗೆ ಏನೂ ಅನ್ನಿಸೂದಿಲ್ಲ. ಆದ್ರ 1925ರಾಗ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು, ಎರಡು ಸೀಟಿಂದು, 260 ಡಾಲರಿಗೆ ಸಿಗತಿತ್ತು. ಒಂದು ಸ್ಪೀಕರಿನ ರೊಕ್ಕಕ್ಕ ಹೆಚ್ಚು ಕಡಿಮಿ ಒಂದು ಕಾರು! ಇದನ್ನ ಓದಿದಾಗ ಇವರು ನನ್ನ ಕಡೆ ನೋಡಿ "ಕಂಡಿಯೇನು, ಮೊದಲಿಂದನೂ ತುಟ್ಟಿನs" ಅಂದ್ರು. ನಾ ಸುಮ್ಮನಿದ್ದೆ. ಕಥಿ ಇನ್ನೂ ಮುಗದಿರಲಿಲ್ಲಲ್ಲ.

ಹೊಸಾದು ಯಾವಾಗಲೂ ತುಟ್ಟಿ ಇರತದ. ನಮ್ಮ ಓಣ್ಯಾಗ ಮೊದಲು ಮಿಕ್ಸರ್ ಬಂದಾಗ, ಟೀವಿ ಬಂದಾಗ ಹಂಗs ಇತ್ತು. ರೇಡಿಯೋ ಮನಿಮನಿಗೆ ಹೋದಂಗ ಸ್ಪೀಕರ್ ಸೋವಿ ಆದ್ವು. 1950ರ ಜನವರಿಯೊಳಗ ಧಾರವಾಡ ಆಕಾಶವಾಣಿ ಸುರು ಆತು. ನಮ್ಮ ಅತ್ತಿಮನಿಯ ಹಳೆ ರೇಡಿಯೋ, ಪೋಸ್ಟ್ ಆಫೀಸಿನ್ಯಾಗ ಲೈಸೆನ್ಸ್ ತುಂಬತಿದ್ದದ್ದು, ಅದರೊಳಗೂ ರೈಸ್-ಕೆಲ್ಲಾಗರ ಹಾಳಿ ಕೋನs ಇತ್ತು. ಅದರ ಮುಂದ ಅರ್ಧ ಓಣಿ ಕೂತು ಕೇಳತಿತ್ತಂತ.

ಆದ್ರ ರೇಡಿಯೋದ ಸಣ್ಣ ಸ್ಪೀಕರಿಗೆ ಒಂದು ಕಮ್ಮಿ ಇತ್ತು. ತಬಲಾದ ಡಗ್ಗಾ, ಅದರ ಗುಂಯ್ ಅನ್ನೋ ದನಿ, ಅದು ಬರತಿರಲಿಲ್ಲ. ದಪ್ಪ ದನಿ ಬರಬೇಕಂದ್ರ ಭಾಳ ಗಾಳಿ ತಳ್ಳಬೇಕು, ಅದಕ್ಕ ದೊಡ್ಡ ಪೆಟಿಗಿ ಬೇಕು. 1946ರಾಗ ಅಮೆರಿಕಾದ ಆರ್ಕನ್ಸಾ ರಾಜ್ಯದ ಹೋಪ್ ಅನ್ನೋ ಸಣ್ಣ ಊರಾಗ ಪಾಲ್ ಕ್ಲಿಪ್ಷ್ ಅನ್ನೋರು ಖೋಲಿಯ ಮೂಲಿಯೊಳಗ ಕೂಡೋ ದೊಡ್ಡ ಸ್ಪೀಕರ್ ಮಾರಲಿಕ್ಕೆ ಸುರು ಮಾಡಿದ್ರು. ಗ್ವಾಡಿ ಎರಡನ್ನೂ ಭೋಂಗಾದಂಗ ಉಪಯೋಗ ಮಾಡೋ ಬುದ್ಧಿವಂತಿಕಿ. ದನಿ ಛಲೋ, ಆದ್ರ ಕಪಾಟಿನಷ್ಟು ದೊಡ್ಡದು. ಸಣ್ಣ ಮನಿಯವರು ಎಲ್ಲಿಡಬೇಕು?

ಈ ತೊಡಕು ಬಿಡಿಸಿದ ಮನಷ್ಯಾ ನನಗ ಈ ಕಥಿಯೊಳಗ ಭಾಳ ಸೇರಿದಂವ. ಹೆಸರು ಎಡ್ಗರ್ ವಿಲ್ಚರ್, ಇವರೂ ಮಾಸ್ತರು. ನ್ಯೂಯಾರ್ಕ್ ಯುನಿವರ್ಸಿಟಿಯೊಳಗ ಪಾಠ ಹೇಳತಿದ್ರು. 1954ರಾಗ ತಮ್ಮ ಶಿಷ್ಯಾ ಹೆನ್ರಿ ಕ್ಲಾಸ್ ಜೋಡಿ ಕೂಡಿ ಅಕೂಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ಮಾಡಿದ್ರು. ವಿಲ್ಚರ್ ಮಾಡಿದ್ದು ಇಷ್ಟು: ಪೆಟಿಗಿನ್ನ ಗಾಳಿ ಹೋಗದಂಗ ಬಂದೋಬಸ್ತ್ ಮುಚ್ಚಿದ್ರು. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆಟ್ಟು ಹಿಡದು ಒತ್ತಿ ನೋಡ್ರಿ, ಒಳಗಿನ ಗಾಳಿ ಸ್ಪ್ರಿಂಗಿನಂಗ ವಾಪಸ್ ತಳ್ಳತದ. ಪೆಟಿಗಿಯೊಳಗಿನ ಗಾಳಿನs ಕೋನಿಗೆ ಸ್ಪ್ರಿಂಗ್ ಆತು. ಹಿಂಗಾಗಿ ಕಪಾಟಿನಷ್ಟು ದೊಡ್ಡ ಪೆಟಿಗಿಯ ದಪ್ಪ ದನಿ ಪುಸ್ತಕದ ಮಾಡದಾಗ ಹಿಡಿಯೋ ಪೆಟಿಗಿಯೊಳಗಿಂದ ಬಂತು. ಮೊದಲನೇ ಸ್ಪೀಕರ್ ಎಆರ್-1, ಸುಮಾರು 185 ಡಾಲರಿಗೆ ಮಾರಿದ್ರು.

ಅವರು ಮಾರತಿದ್ದ ರೀತಿನೂ ನೋಡ್ರಿ. ನ್ಯೂಯಾರ್ಕಿನ ದೊಡ್ಡ ರೇಲ್ವೆ ಸ್ಟೇಶನ್ ಗ್ರ್ಯಾಂಡ್ ಸೆಂಟ್ರಲ್ ಒಳಗ ಒಂದು ಖೋಲಿ ತಗೊಂಡು ಸ್ಪೀಕರ್ ಇಟ್ಟಿದ್ರು. ಯಾರು ಬೇಕಾದ್ರೂ ಬಂದು ಕೂತು ಹಾಡು ಕೇಳಬಹುದು. ಅಲ್ಲೆ ಮಾರಾಟ ಇಲ್ಲ, ಹಿಂದ ಬೆನ್ನು ಹತ್ತೋ ಸೇಲ್ಸ್‌ಮನ್ ಇಲ್ಲ. ಊರೂರಿಗೆ ಹೋಗಿ ಖರೇ ಪಿಟೀಲಿನವರನ್ನ ವೇದಿಕಿ ಮ್ಯಾಲೆ ಕೂಡಿಸಿ, ನಡುವ ಅವರು ಬಾರಿಸೋದು ನಿಲ್ಲಿಸಿ ಸ್ಪೀಕರ್ ಹಚ್ಚತಿದ್ರು. ಯಾವಾಗ ಬದಲಾತು ಅಂತ ಎಷ್ಟೋ ಮಂದಿಗೆ ತಿಳೀತಿರಲಿಲ್ಲ. 1966ರ ಹೊತ್ತಿಗೆ ಅಮೆರಿಕಾದ ಸ್ಪೀಕರ್ ಮಾರ್ಕೆಟಿನ ಹೆಚ್ಚು ಕಡಿಮಿ ಮೂರರಾಗ ಒಂದು ಪಾಲು ಈ ಕಂಪನಿದ ಇತ್ತು. ಮರುವರ್ಷ ವಿಲ್ಚರ್ ಕಂಪನಿ ಮಾರಿ, ಕಿವಿ ಕೇಳದವರ ಮಶೀನಿನ ಸಂಶೋಧನಾಕ್ಕ ಹೊಂಟರು. ಅದರೊಳಗ ಕಂಡುಹಿಡಿದದ್ದಕ್ಕ ಪೇಟೆಂಟ್ ತಗೊಳ್ಳಲಿಲ್ಲ, ಎಲ್ಲಾರೂ ಉಪಯೋಗ ಮಾಡ್ಲಿ ಅಂತ ಬಿಟ್ಟರು.

ಇದs ಕಾಲಕ್ಕ ಇನ್ನೆರಡು ಸಂಗತಿ ಆದ್ವು. 1958ರ ಸುಮಾರಿಗೆ ಸ್ಟೀರಿಯೋ ರೆಕಾರ್ಡ್ ಬಂದ್ವು, ಒಂದು ಸ್ಪೀಕರಿನ ಬದಲಿ ಎರಡು ಬೇಕಾದ್ವು. ಎರಡು ಕಪಾಟು ಯಾವ ಪಡಸಾಲಿಯೊಳಗ ಹಿಡೀತಾವ? ಸಣ್ಣ ಪೆಟಿಗಿಗೆ ಬೆಲಿ ಬಂತು. ಎರಡನೇದು, 1961ರಾಗ ಆಸ್ಟ್ರೇಲಿಯಾದ ನೆವಿಲ್ ಥೀಲ್ ಅನ್ನೋ ಇಂಜಿನಿಯರ್ ಯಾವ ಕೋನಿಗೆ ಎಷ್ಟು ದೊಡ್ಡ ಪೆಟಿಗಿ, ಎಷ್ಟು ತೂತು ಅನ್ನೋ ಲೆಕ್ಕ ಬರದು ಛಾಪಿಸಿದ್ರು. ಆಮ್ಯಾಲೆ ರಿಚರ್ಡ್ ಸ್ಮಾಲ್ ಅದನ್ನ ಮುಂದುವರಿಸಿದ್ರು. ಮೊದಲು ದೊಡ್ಡ ಕಂಪನಿಯವರಿಗೆ ಮಾತ್ರ ಗೊತ್ತಿದ್ದ ಗುಟ್ಟು ಊರಿಗೆಲ್ಲಾ ತಿಳೀತು. ನಮ್ಮ ಓಣಿ ಬಡಿಗ್ಯಾರ ನಮ್ಮ ಮನಿಯವರಿಗೆ ಪೆಟಿಗಿ ಮಾಡಿಕೊಟ್ಟನಲ್ಲ, ಆ ಪತ್ರಿಕಿ ನಕಾಶಿಯ ಹಿಂದ ಥೀಲ್ ಸಾಹೇಬರ ಲೆಕ್ಕನs ಇದ್ದಿರಬೇಕು.

ಇಂಗ್ಲೆಂಡಿನಾಗಿಂದು ಒಂದು ಸಣ್ಣ ಕಥಿ. ವರ್ದಿಂಗ್ ಅನ್ನೋ ಊರಾಗ ಜಾನ್ ಬೋವರ್ಸ್ ಒಂದು ರೇಡಿಯೋ ಅಂಗಡಿ ಇಟ್ಟಿದ್ರು. ಗಿರಾಕಿಗಳಿಗೆ ಕೈಲೆ ಸ್ಪೀಕರ್ ಮಾಡಿಕೊಡತಿದ್ರು. ಮಿಸ್ ನೈಟ್ ಅನ್ನೋ ಒಬ್ಬ ವಯಸ್ಸಾದ ಬಾಯಿ ಅವರು ಮಾಡಿದ ಸ್ಪೀಕರಿಗೆ ಎಷ್ಟು ಖುಷಿ ಆಗಿದ್ರು ಅಂದ್ರ, ತೀರಿಕೋವಾಗ ಮೃತ್ಯುಪತ್ರದಾಗ ಅವರ ಹೆಸರಿಗೆ 10 ಸಾವಿರ ಪೌಂಡ್ ಬರದಿಟ್ರು. ಆ ರೊಕ್ಕದ ಮ್ಯಾಲೆ 1966ರಾಗ ಬೋವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿ ಸುರು ಆತು. ಇವತ್ತು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಾಗ ಅವರ ಸ್ಪೀಕರ್ ಅವ, ಅವರ ದೊಡ್ಡ ಜೋಡಿಯ ರೇಟು ಹತ್ತಾರು ಲಕ್ಷ ರೂಪಾಯಿ. ಹಾಡು ಕೇಳಿ ತೃಪ್ತಿ ಆದ ಒಬ್ಬ ಮುದುಕಿಯ ಆಶೀರ್ವಾದ ಅದು.

ಇಲ್ಲಿ ತನಕ ಕಥಿ ಒಂದs ದಿಕ್ಕಿಗೆ ನಡದಿತ್ತು. ದನಿ ಸುಧಾರಿಸತಿತ್ತು, ರೊಕ್ಕ ಕಡಿಮಿ ಆಗತಿತ್ತು. ಒಬ್ಬ ಸಾಲಿ ಮಾಸ್ತರ ಎರಡು ವರ್ಷ ರೊಕ್ಕ ಕೂಡಿಸಿದ್ರ ಛಲೋ ಸ್ಪೀಕರ್ ಕೊಳ್ಳಬಹುದಾಗಿತ್ತು. ದಾರಿ ಎರಡಾಗಿ ಒಡದದ್ದು 1970ರ ದಶಕದಾಗ.

1973ರಾಗ ಅಮೆರಿಕಾದಾಗ ಹ್ಯಾರಿ ಪಿಯರ್ಸನ್ ಅನ್ನೋರು ಒಂದು ಪತ್ರಿಕಿ ಸುರು ಮಾಡಿದ್ರು, ದಿ ಆಬ್ಸಲ್ಯೂಟ್ ಸೌಂಡ್ ಅಂತ. ಅವರ ಮಾತು ಕೇಳೋದಕ್ಕ ಛಲೋನs ಇತ್ತು: ರೇಟಿನ ಕಡೆ ನೋಡಬ್ಯಾಡ್ರಿ, ಕಛೇರಿಯೊಳಗ ಕೂತು ಕೇಳಿದಂಗ ಆಗತದೋ ಇಲ್ಲೋ ಅದನ್ನ ನೋಡ್ರಿ. ಇದರಿಂದ ಹೈ-ಎಂಡ್ ಅನ್ನೋ ಬ್ಯಾರೆ ಜಾತಿನs ಹುಟ್ಟಿತು. ರೇಟಿನ ಕಡೆ ನೋಡಬ್ಯಾಡ್ರಿ ಅಂತ ಒಮ್ಮೆ ಅಂದ ಮ್ಯಾಲೆ ರೇಟು ಸುಮ್ಮನ ಕೂಡೂದಿಲ್ಲ ಅನ್ನೋದು ಸಂತಿ ಮಾಡೋ ಎಲ್ಲಾ ಹೆಣ್ಣುಮಕ್ಕಳಿಗೂ ಗೊತ್ತು.

1980ರಾಗ ಇನ್ಫಿನಿಟಿ ಕಂಪನಿ ಐಆರ್‌ಎಸ್ ಅಂತ ತಂತು. ಏಳೂವರಿ ಅಡಿ ಎತ್ತರದ ನಾಕು ಗೋಪುರ, ರೇಟು ಸುಮಾರು 20 ಸಾವಿರ ಡಾಲರ್. ಆ ವರ್ಷ ಅಮೆರಿಕಾದಾಗ ನಡುವಿನ ದರ್ಜೆಯ ಹೊಸಾ ಮನಿ ಒಂದರ ರೇಟು ಸುಮಾರು 64 ಸಾವಿರ ಡಾಲರ್. ಅಂದ್ರ ಮನಿಯ ಮೂರರಾಗ ಒಂದು ಪಾಲು ಸ್ಪೀಕರಿಗೆ. ಮುಂದ 1986ರಾಗ ಡೇವಿಡ್ ವಿಲ್ಸನ್ ಅನ್ನೋರು ತಾವು ರೆಕಾರ್ಡಿಂಗಿಗೆ ಹೋಗೋವಾಗ ಒಯ್ಯಲಿಕ್ಕೆ ಅಂತ ಮಾಡಿದ ಒಂದು ಸಣ್ಣ ಸ್ಪೀಕರನ್ನ 4,400 ಡಾಲರಿಗೆ ಮಾರಿದ್ರು. ಇಷ್ಟು ಸಣ್ಣದಕ್ಕ ಇಷ್ಟು ರೊಕ್ಕ ಏನು ಅಂತ ಮಂದಿ ಬಾಯಿ ತಗದು ನಿಂತರು, ಆದ್ರ ತಗೊಂಡ್ರು. ವಿಲ್ಸನ್ ಅದs ಪಂಥದ ದೊಡ್ಡ ಗುರು ಆದ್ರು. ಅವರ ಕಡೀ ದೊಡ್ಡ ಕೆಲಸ ವ್ಯಾಮ್ ಮಾಸ್ಟರ್ ಕ್ರೋನೋಸೋನಿಕ್, 2017ರ ಸುಮಾರಿಗೆ ಮನಿಗಳಿಗೆ ಹೋಗಲಿಕ್ಕೆ ಹತ್ತಿತು. ಬರೇ 70 ಜೋಡಿ ಅಂತ ಠರಾಯಿಸಿದ್ರು. ಜೋಡಿಗೆ 6 ಲಕ್ಷ 85 ಸಾವಿರ ಡಾಲರ್, ಆಗಿನ ಲೆಕ್ಕಕ್ಕ ಸುಮಾರು ನಾಕೂವರಿ ಕೋಟಿ ರೂಪಾಯಿ. 2018ರಾಗ ವಿಲ್ಸನ್ ತೀರಿಕೊಂಡ್ರು. ಅದರ ಹಿಂದ ಮ್ಯಾಜಿಕೋ ಅನ್ನೋ ಕಂಪನಿ ಎಂ9 ಅಂತ ತಂತು, ಜೋಡಿಗೆ 7 ಲಕ್ಷ 50 ಸಾವಿರ ಡಾಲರ್. ಒಂದೊಂದರ ತೂಕ ಸುಮಾರು 450 ಕಿಲೋ, ನಮ್ಮ ಕಡೆ ಒಂದು ಎಮ್ಮಿ ತೂಗಿದಷ್ಟು.

2017ರಾಗ ಅಮೆರಿಕಾದ ನಡುವಿನ ದರ್ಜೆಯ ಹೊಸಾ ಮನಿ ಸುಮಾರು 3 ಲಕ್ಷ 20 ಸಾವಿರ ಡಾಲರ್. ಈಗ ಲೆಕ್ಕ ಸಾಲಾಗಿ ಹಚ್ಚಿ ನೋಡ್ರಿ. 1926ರಾಗ ಒಂದು ಸ್ಪೀಕರಿಗೆ ಒಂದು ಕಾರು. 1980ರಾಗ ಮನಿಯ ಮೂರರಾಗ ಒಂದು ಪಾಲು. 2017ರಾಗ ಎರಡು ಮನಿ. ತುಟ್ಟಿಕಾಲ ಅಂತ ಹೇಳೋಣಂದ್ರ ಅದೂ ಬರೂದಿಲ್ಲ. 1980ರ 20 ಸಾವಿರ ಡಾಲರ್ ತುಟ್ಟಿಕಾಲದ ಲೆಕ್ಕದಾಗ 2017ಕ್ಕ ಸುಮಾರು 60 ಸಾವಿರ ಆಗಬೇಕಾಗಿತ್ತು. ಆದದ್ದು ಅದರ ಹತ್ತು ಪಟ್ಟಿಗಿಂತ ಹೆಚ್ಚು.

ಯಾಕ? ನಾ ಓದಿ ತಿಳಕೊಂಡಷ್ಟು ಹೇಳತೇನಿ. ಮೊದಲನೇದು ಖರೇ ಖರ್ಚು. ಕೋನು ಹಗುರ ಇರಬೇಕು, ಆದ್ರ ಬಾಗಬಾರದು. ಒಣಗಿದ ಹಪ್ಪಳ ಹಿಡದು ಅಲ್ಲಾಡಿಸಿದ್ರ ಪೂರ್ತಿ ಹಪ್ಪಳ ಒಂದಾಗಿ ಅಲ್ಲಾಡತದ, ಹಸಿ ಹಪ್ಪಳ ನಡುವ ಜೋಲಿ ಹೊಡೀತದ. ಹಂಗ ಜೋಲಿ ಹೊಡದ್ರ ದನಿ ಕೆಡತದ. ಅದಕ್ಕ ಬೆರಿಲಿಯಂ, ಕಾರ್ಬನ್ ನೂಲು, ಕಡೀಕ ಫ್ಯಾಕ್ಟರಿಯೊಳಗ ಬೆಳಸಿದ ವಜ್ರದ ಟೋಪಿ ತನಕ ಹೋದ್ರು. ಪೆಟಿಗಿ ತಾನು ನಡುಗಬಾರದು, ಅದಕ್ಕ ಕಟ್ಟಿಗಿ ಬಿಟ್ಟು ದಪ್ಪ ಅಲ್ಯುಮಿನಿಯಂ ಕೊರದು ಮಾಡತಾರ. ಇದೆಲ್ಲಾ ಸುಳ್ಳಲ್ಲ, ಕೆಲಸ ಮಾಡೋವರ ಕೈಚಳಕಕ್ಕ ಕೈ ಮುಗೀಬೇಕು.

ಎರಡನೇದು, ಮಂದಿ ಕಡಿಮಿ ಆದ್ರು. 70 ಜೋಡಿ ಮಾರೋದಿದ್ರ ಐದಾರು ವರ್ಷದ ಸಂಶೋಧನದ ಖರ್ಚು 70 ಮನಿಯವರs ಹೊರಬೇಕು. ಅದರ ಮ್ಯಾಲೆ ಅಂಗಡಿಯವರ ಪಾಲು, ದೇಶದಿಂದ ದೇಶಕ್ಕ ಸಾಗಿಸೋದು, ನಮ್ಮ ಕಡೆ ಬಂದ್ರ ಕಸ್ಟಮ್ಸ್, ಜಿಎಸ್‌ಟಿ. ಸಾಮಾನ್ಯ ಸ್ಪೀಕರ್ ಮಾಡೋ ಕೆಲಸ ಹೆಚ್ಚಾಗಿ ಚೀನಾಕ್ಕ ಹೋತು, ಅಲ್ಲೆ ಲಕ್ಷಗಟ್ಟಲೆ ಮಾಡಿ ಸೋವಿ ಮಾರತಾರ. ತಮ್ಮ ದೇಶದಾಗs ಮಾಡೋ ಸಣ್ಣ ಕಂಪನಿಗಳಿಗೆ ಆ ಸೋವಿ ರೇಟಿನ ಜೋಡಿ ಕುಸ್ತಿ ಹಿಡೀಲಿಕ್ಕೆ ಆಗಲಿಲ್ಲ, ಅದಕ್ಕ ಮ್ಯಾಲೆ ಮ್ಯಾಲೆ ಹತ್ತಿದ್ರು. ಹುಡುಗೂರು ಫೋನಿಗೆ ಕಿವಿ ಕೊಟ್ಟರು. ನಡುವಿನ ಗಿರಾಕಿ, ಅಂದ್ರ ನಮ್ಮಂಥ ಮಾಸ್ತರ ಮನಿಯವರು, ಹೋಗೇಬಿಟ್ರು.

ಮೂರನೇದು ನಮಗೆಲ್ಲಾ ಗೊತ್ತಿದ್ದದ್ದ. ಸೀರಿ ಅಂಗಡಿಯೊಳಗ ಮೊದಲು 40 ಸಾವಿರದ ರೇಶ್ಮಿ ಬಿಚ್ಚಿ ತೊಡಿ ಮ್ಯಾಲೆ ಹಾಕತಾನ. ನಾವು ಅದನ್ನ ತಗೊಳ್ಳೂದಿಲ್ಲ ಅಂತ ಅವನಿಗೂ ಗೊತ್ತು. ಆದ್ರ ಆಮ್ಯಾಲೆ ತೋರಿಸಿದ 12 ಸಾವಿರದ್ದು ಸೋವಿ ಕಾಣತದ. ಇವರಿಗೆ 9 ಲಕ್ಷದ್ದು ಕೇಳಿಸಿದ ಮ್ಯಾಲೆ ಮೂರೂವರಿ ಲಕ್ಷ ಏನೂ ಅನ್ನಿಸಲಿಲ್ಲ, ಅಷ್ಟs. ಕಂಪನಿಗೂ ಹಂಗ, ಕೋಟಿ ರೂಪಾಯಿಯ ಸ್ಪೀಕರ್ ಒಂದಿದ್ರ ಪತ್ರಿಕಿಯೊಳಗ ಹೆಸರು, ಅದರ ನೆರಳಿನಾಗ ಉಳದದ್ದು ಮಾರತದ. ಇನ್ನ ಕೋಟಿ ಕೊಟ್ಟು ತಗೊಳ್ಳೋ ಮಂದಿಗೆ ರೇಟು ಅನ್ನೋದs ಸಾಮಾನಿನ ಒಂದು ಭಾಗ. ಥಾರ್ಸ್ಟೈನ್ ವೆಬ್ಲೆನ್ ಅನ್ನೋ ಪಂಡಿತರು 1899ರಾಗನs ಬರದಿಟ್ಟಾರ, ಕೆಲವು ಸಾಮಾನು ತುಟ್ಟಿ ಇರೋದಕ್ಕs ಬೇಕಾಗತಾವ ಅಂತ. ಮದವಿಯೊಳಗ ಕೊರಳ ತುಂಬ ಹೇರಿಕೊಂಡು ಬರೋರನ್ನ ನೋಡಿದ ನಮಗ ಇದು ಹೊಸಾದಲ್ಲ.

ಒಂದು ಮಾತು ನಡುವ ಹೇಳೇಬಿಡತೇನಿ. 1983ರಾಗ ಅಮೆರಿಕಾದ ಒಂದು ಸ್ಪೀಕರ್ ಪತ್ರಿಕಿಯೊಳಗ ಒಂದು ಹೊಸಾ ಅಳತಿ ಬಂತಂತ: ಹೆಂಡ್ತಿ ಒಪ್ಪೋ ಗುಣಾಂಕ. ಸ್ಪೀಕರ್ ಎಷ್ಟು ಛಂದ ಕಂಡ್ರ, ಎಷ್ಟು ಸಣ್ಣ ಇದ್ರ ಮನಿಯಾಕಿ ಒಳಗ ಬಿಡತಾಳ ಅನ್ನೋದರ ಲೆಕ್ಕ. ಇದನ್ನ ಓದಿ ಮಗಾ ಹೊಟ್ಟಿ ಹಿಡಕೊಂಡು ನಕ್ಕ. ನಾ ಅಂದೆ, ಪಡಸಾಲಿಯೊಳಗ ಧೂಳು ಹೊಡಿಯೋರು ಯಾರು ಅನ್ನೋದನ್ನೂ ಆ ಪತ್ರಿಕಿಯವರು ಬರದಿದ್ರ ಛಲೋ ಇತ್ತು.

ಹಂಗಾರ ತುಟ್ಟಿದು ಛಲೋ ಕೇಳಸತದೋ ಇಲ್ಲೋ? ಇದನ್ನ ಜೀವನಪೂರ್ತಿ ಪರೀಕ್ಷಾ ಮಾಡಿದೋರು ಫ್ಲಾಯ್ಡ್ ಟೂಲ್. ಮೊದಲು ಕೆನಡಾದ ಸರಕಾರಿ ಸಂಶೋಧನಾ ಸಂಸ್ಥೆಯೊಳಗಿದ್ರು, ಆಮ್ಯಾಲೆ ಹರ್ಮನ್ ಕಂಪನಿಗೆ ಬಂದ್ರು. ಸ್ಪೀಕರಿನ ಮುಂದ ಪಡದಾ ಕಟ್ಟಿ ಮಂದಿಗೆ ಕೇಳಿಸಿ ಮಾರ್ಕ್ ಹಾಕಿಸತಿದ್ರು. ಕಣ್ಣಿಗೆ ಕಾಣದಿದ್ದಾಗ ಕಿವಿ ಸರಿ ಇದ್ದ ಹೆಚ್ಚಿನ ಮಂದಿ ಛಲೋದು ಯಾವುದು ಅನ್ನೋದರ ಮ್ಯಾಲೆ ಒಪ್ಪತಿದ್ರಂತ. ಕಿವಿ ಮಂದ ಆದವರು ಮಾತ್ರ ಒಮ್ಮೆ ಹಿಂಗ, ಒಮ್ಮೆ ಹಂಗ ಮಾರ್ಕ್ ಹಾಕತಿದ್ರು. 1994ರಾಗ ಟೂಲ್, ಅವರ ಜೋಡಿ ಷಾನ್ ಆಲಿವ್ ಕೂಡಿ ಇನ್ನೊಂದು ಮಾಡಿದ್ರು. 40 ಮಂದಿ, ಎಲ್ಲಾರೂ ಅದs ಕಂಪನಿಯವರು. ಅವರಿಗೆ ಅವs ನಾಕು ಸ್ಪೀಕರ್ ಒಮ್ಮೆ ಪಡದಾ ಕಟ್ಟಿ, ಒಮ್ಮೆ ಪಡದಾ ತಗದು. ಪಡದಾ ಇದ್ದಾಗ ಛಲೋ ಮಾರ್ಕ್ ತಗೊಂಡ ಸಣ್ಣ ಸೋವಿ ಸ್ಪೀಕರ್, ಪಡದಾ ತಗದ ಕೂಡಲೆ ಕೆಳಗ ಬಿತ್ತು. ದೊಡ್ಡವು, ತುಟ್ಟಿ ಕಾಣೋವು ಮ್ಯಾಲೆ ಹೋದ್ವು. ಕಿವಿ ಅವs, ದನಿ ಅದs, ನಡುವ ಕಣ್ಣು ಬಂತು.

ಇದನ್ನ ಓದಿದ ದಿನ ಇವರು ಭಾಳ ಹೊತ್ತು ಸುಮ್ಮನ ಕೂತಿದ್ರು. ಆಮ್ಯಾಲೆ ತಾವs ಅಂದ್ರು, "ನಾವೂ ಒಂದು ಪಡದಾ ಕಟ್ಟೋಣು."

ದೀಪಾವಳಿಗೆ ಬೆಂಗಳೂರಿಗೆ ಹೋದಾಗ ಮಗನ ಗೆಳ್ಯಾ ಒಬ್ಬನ ಮನಿಯೊಳಗ ವ್ಯವಸ್ಥಾ ಆತು. ಅವನ ಹತ್ತಿರ ನಾಕು ಲಕ್ಷದ ಜೋಡಿ ಇತ್ತು. ಇನ್ನೊಬ್ಬ ಗೆಳ್ಯಾ ತನ್ನ 60 ಸಾವಿರದ ಜೋಡಿ ಹೊತ್ತುಕೊಂಡು ಬಂದ. ನಾ ನನ್ನ ಹಳೇ ಇಳಕಲ್ ಸೀರಿ ಒಯ್ದಿದ್ದೆ, ಅದನ್ನ ಅಡ್ಡ ಕಟ್ಟಿದ್ವಿ. ಮಗಾ ಫೋನಿನ್ಯಾಗ ಅಳದು ಎರಡರ ದನಿನೂ ಸಮ ಮಾಡಿದ, ಯಾಕಂದ್ರ ಜೋರಾಗಿ ಇದ್ದದ್ದ ಛಲೋ ಅನ್ನಸತದಂತ. ಅವs ಮನ್ಸೂರರ ಹಾಡು. ಹತ್ತು ಸಲ ಬದಲಿ ಮಾಡಿ ಹಚ್ಚಿದ್ವಿ. ಯಾವುದು ತುಟ್ಟಿದು ಅಂತ ಇವರು ಒಂದು ಹಾಳಿ ಮ್ಯಾಲೆ, ಮಗಾ ಒಂದು ಹಾಳಿ ಮ್ಯಾಲೆ ಬರದ್ರು.

ಮಗಾ ಹತ್ತರಾಗ ಎಂಟು ಸರಿ ಬರದಿದ್ದ. ಹಂಗಾರ ಫರಕ ಇದ್ದದ್ದು ಖರೇ, ಅದನ್ನ ನಾ ಮುಚ್ಚಿಡೂದಿಲ್ಲ. ಇವರು ಐದು. ನಾಣ್ಯಾ ಚಿಮ್ಮಿದ್ರೂ ಅಷ್ಟ ಬರತಿತ್ತು.

ನನಗ ಖುಷಿ ಆಗಬೇಕಾಗಿತ್ತು, ಮೂರು ಲಕ್ಷ ಉಳೀತಲ್ಲ ಅಂತ. ಖರೇ ಹೇಳಬೇಕಂದ್ರ ಹೊಟ್ಟ್ಯಾಗ ಸಂಕಟ ಆತು. ಸೂಕ್ಷ್ಮ ದನಿ ಕೇಳೋ ಕಿವಿ ಇದ್ದಾಗ ಇವರು ಸ್ಪೀಕರ್ ಮಾರಿದ್ರು. ಈಗ ರೊಕ್ಕ ಅದ, ಕಿವಿ ಇಲ್ಲ. ವಯಸ್ಸಾದಂಗ ಮೊದಲು ಹೋಗೋದು ಸಣ್ಣ ತೀಡಿದ ದನಿ, ತಂಬೂರಿಯ ತಂತಿಯ ಮ್ಯಾಲಿನ ಝೇಂಕಾರ ಅಂತಾರಲ್ಲ ಅದು. ಅರವತ್ತು ದಾಟಿದವರ ಕೈಯಾಗ ಮಾತ್ರ ಇಂಥ ಸ್ಪೀಕರ್ ಕೊಳ್ಳೋವಷ್ಟು ರೊಕ್ಕ ಬರತದ, ಅದರ ಅರ್ಧ ಗುಣಾ ಅವರಿಗೆ ಕೇಳಸೂದಿಲ್ಲ. ಯಾವ ಪತ್ರಿಕಿಯೊಳಗೂ ನನಗ ಈ ಮಾತು ಕಾಣಲಿಲ್ಲ.

ವಾಪಸ್ ಬರೋವಾಗ ರೈಲಿನ್ಯಾಗ ಇವರs ನಗಾಡಿಕೋತ ಒಂದು ನೆನಪು ತಗದ್ರು. ನನ್ನ ತವರು ಗದಗ. ನಮ್ಮ ಗದಗಿನ ಹುಡುಗ ಭೀಮಸೇನ ಜೋಶಿ, ಅಂಗಡಿಯೊಳಗ ಹಚ್ಚಿದ ಅಬ್ದುಲ್ ಕರೀಮ್ ಖಾನರ ರೆಕಾರ್ಡ್ ಕೇಳಿ ಹುಚ್ಚು ಹಿಡದು, 1933ರಾಗ 11 ವರ್ಷದಂವ ಗುರುಗಳನ್ನ ಹುಡಕೋತ ಮನಿ ಬಿಟ್ಟು ಹೋದ ಅನ್ನೋದು ಗದಗಿನ ಮಂದಿಗೆಲ್ಲಾ ಗೊತ್ತಿದ್ದ ಸಂಗತಿ. ಆ ಗ್ರಾಮೋಫೋನಿನಾಗ ಡಗ್ಗಾ ಇಲ್ಲ, ಝೇಂಕಾರ ಇಲ್ಲ, ಬರೇ ಗರಗರ. "ಅದರೊಳಗ ಅವರಿಗೆ ಬೇಕಾದ್ದು ಕೇಳಸ್ತಲ್ಲ" ಅಂದ್ರು ಇವರು.

ನಾವು ಕಡೀಕ 58 ಸಾವಿರದ ಒಂದು ಜೋಡಿ ತಗೊಂಡ್ವಿ. 1926ರ ಕಾರಿನ ರೇಟಿನ ಸ್ಪೀಕರಿಗಿಂತ, ನಮ್ಮ ಬಡಿಗ್ಯಾರ ಪೆಟಿಗಿಗಿಂತ ಭಾಳ ಛಲೋ ಅದ ಇದರ ದನಿ. ಮುಂಜಾನೆ ಆರಕ್ಕ ಹಚ್ಚತಾರ, ನಾ ಒಳಗ ರೊಟ್ಟಿ ಬಡಿಕೋತ ಕೇಳತೇನಿ. ಸ್ಲ್ಯಾಬಿನ ಕೆಲಸ ಸಂಕ್ರಮಣ ಆದ ಮ್ಯಾಲೆ ಸುರು.

ಮೊನ್ನೆ ದೇವರ ಮನಿ ಕಪಾಟು ಒರಸೋವಾಗ ಆ ಹಾಳಿ ಕೈಗೆ ಸಿಕ್ತು. ಮೊಣಕಾಲು ಅಂತ ಬರದದ್ದರ ಕೆಳಗ ಇವರು ತಮ್ಮ ಸಾಲಿ ಅಕ್ಷರದಾಗ ಬರದಾರ: ಸ್ಪೀಕರ್, 58,000. ಅದರ ಕೆಳಗ ಇನ್ನೊಂದು ಸಾಲು: ಕಿವಿ ತೋರಿಸೋದು. ಆ ಸಾಲಿನ ಮುಂದ ರೊಕ್ಕ ಬರದಿರಲಿಲ್ಲ. ಸೋಮವಾರ ಡಾಕ್ಟರ ಕಡೆ ಹೊಂಟೇವಿ.